ಬೆವರು ಆರಿದರೆ ಮಾತ್ರ ಮೈ ತಣಿಯುತ್ತದೆ: ವಿಪರೀತ ಸೆಕೆಯಲ್ಲಿ ದೇಹಕ್ಕೆ ಏನಾಗುತ್ತದೆ, ನಾವೇನು ಮಾಡಬೇಕು

ಬೇಸಿಗೆ ಬಂದರೆ ಎಲ್ಲರ ಕಣ್ಣೂ ಒಂದೇ ಅಂಕಿಯ ಮೇಲಿರುತ್ತದೆ: ಇವತ್ತು ಎಷ್ಟು ಡಿಗ್ರಿ? 42 ಅಂದರೆ ಗಾಬರಿ, 36 ಅಂದರೆ ಪರವಾಗಿಲ್ಲ. ಆದರೆ 42 ಡಿಗ್ರಿಯ ಒಣ ಹವೆಯಲ್ಲಿ ನೆರಳಲ್ಲಿದ್ದು, ನೀರು ಕುಡಿಯುತ್ತ ದಿನ ಕಳೆದ ಆರೋಗ್ಯವಂತರೇ 36 ಡಿಗ್ರಿಯ ಅಂಟಂಟು ಸೆಕೆಯಲ್ಲಿ ಕೆಲಸ ಮಾಡುತ್ತಿರುವಾಗ ಕುಸಿದು ಬೀಳಬಹುದು. ಇದು ಹೇಗೆ ಸಾಧ್ಯ ಎಂದು ತಿಳಿದುಕೊಂಡರೆ, ಪ್ರತಿ ಬೇಸಿಗೆಯಲ್ಲೂ ಕೇಳುವ ಸಲಹೆಗಳನ್ನು ಯಾಕೆ ಕೊಡುತ್ತಾರೆ, ಅವು ಯಾವಾಗ ಸಾಲುವುದಿಲ್ಲ ಎನ್ನುವುದೂ ಗೊತ್ತಾಗುತ್ತದೆ.

ಮೈಯೊಳಗಿನ ಬಿಸಿ ಹೊರಗೆ ಹೋಗುವ ದಾರಿ

ಸುಮ್ಮನೆ ಕೂತಿದ್ದರೂ ದೇಹ ಬಿಸಿಯನ್ನು ಹುಟ್ಟಿಸುತ್ತಲೇ ಇರುತ್ತದೆ. ತಿಂದ ಆಹಾರದ ಶಕ್ತಿಯಲ್ಲಿ ಬಹುಪಾಲು ಕೊನೆಗೆ ಶಾಖವಾಗುತ್ತದೆ. ವಿಶ್ರಾಂತಿಯಲ್ಲಿರುವ ವಯಸ್ಕರೊಬ್ಬರ ದೇಹದಲ್ಲಿ ಹುಟ್ಟುವ ಶಾಖ ಸುಮಾರು 100 ವಾಟ್. ಓಡುವಾಗ, ಅಗೆಯುವಾಗ, ಮೂಟೆ ಹೊರುವಾಗ ಇದು ಹಲವು ಪಟ್ಟು ಏರುತ್ತದೆ. ದೇಹದ ಒಳಗಿನ ತಾಪಮಾನ 37 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿ ನಿಲ್ಲಬೇಕಾದರೆ ಹುಟ್ಟಿದಷ್ಟೂ ಶಾಖ ಹೊರಗೆ ಹೋಗಬೇಕು.

ಹವೆ ತಂಪಾಗಿದ್ದಾಗ ಇದು ನಮಗೆ ಗೊತ್ತೇ ಆಗದ ಹಾಗೆ ನಡೆಯುತ್ತದೆ. ಮೈಗಿಂತ ಸುತ್ತಲಿನ ಗಾಳಿ, ಗೋಡೆ, ನೆಲ ತಂಪಾಗಿರುವುದರಿಂದ ಶಾಖ ತಾನಾಗಿ ಅತ್ತ ಹರಿಯುತ್ತದೆ. ಸೆಕೆಯಲ್ಲಿ ಚರ್ಮದ ತಾಪಮಾನ ಸುಮಾರು 35 ಡಿಗ್ರಿ ಇರುತ್ತದೆ. ಗಾಳಿ ಅದಕ್ಕಿಂತ ಬಿಸಿಯಾಯಿತು ಅಂದರೆ ಹರಿವು ತಿರುಗಿಕೊಳ್ಳುತ್ತದೆ. ಆಗ ಗಾಳಿಯೇ ಮೈಗೆ ಶಾಖ ಕೊಡುತ್ತದೆ; ಬಿಸಿಲು ಮತ್ತು ಕಾದ ಗೋಡೆ ಅದಕ್ಕೆ ಇನ್ನಷ್ಟು ಸೇರಿಸುತ್ತವೆ. ಆಮೇಲೆ ಉಳಿಯುವ ದಾರಿ ಒಂದೇ, ಬೆವರು.

ಬೆವರು ಸುರಿದ ಮಾತ್ರಕ್ಕೆ ಮೈ ತಂಪಾಗುವುದಿಲ್ಲ. ಅದು ಚರ್ಮದ ಮೇಲೆಯೇ ಆವಿಯಾಗಬೇಕು. ನೀರು ಆವಿಯಾಗಲು ಶಾಖ ಬೇಕು, ಆ ಶಾಖವನ್ನು ಅದು ಚರ್ಮದಿಂದ ಎಳೆದುಕೊಳ್ಳುತ್ತದೆ. ಒಂದು ಲೀಟರ್ ಬೆವರು ಪೂರ್ತಿ ಆವಿಯಾದರೆ ಸುಮಾರು 2400 ಕಿಲೋಜೂಲ್ ಶಾಖ ಹೋದ ಹಾಗೆ. ಈ ಲೆಕ್ಕದಲ್ಲಿ, ಸುಮ್ಮನೆ ಕೂತವರ ಮೈಯಲ್ಲಿ ಹುಟ್ಟುವ ಶಾಖವನ್ನು ಕಳೆಯಲು ಗಂಟೆಗೆ ಸುಮಾರು 150 ಮಿಲಿಲೀಟರ್ ಬೆವರು ಆರಿದರೆ ಸಾಕು. ಬಿಸಿಲಲ್ಲಿ ಭಾರೀ ಕೆಲಸ ಮಾಡುವವರಿಗೆ ಗಂಟೆಗೆ ಒಂದು ಲೀಟರ್, ಕೆಲವೊಮ್ಮೆ ಅದಕ್ಕಿಂತಲೂ ಹೆಚ್ಚು ಬೆವರು ಬರುತ್ತದೆ. ಗಲ್ಲದಿಂದ ತೊಟ್ಟಿಕ್ಕಿ ನೆಲಕ್ಕೆ ಬಿದ್ದ ಬೆವರಿನಿಂದ ಮಾತ್ರ ದೇಹಕ್ಕೆ ಯಾವ ಲಾಭವೂ ಇಲ್ಲ. ನೀರೂ ಹೋಯಿತು, ಬಿಸಿಯೂ ಉಳಿಯಿತು.

ಗಾಳಿಯಲ್ಲಿ ತೇವ ಹೆಚ್ಚಿದ್ದಾಗ

ಒಗೆದು ಹರವಿದ ಬಟ್ಟೆ ಒಣ ಹವೆಯಲ್ಲಿ ಬೇಗ ಆರುತ್ತದೆ, ಮೋಡ ಕವಿದ ತೇವದ ದಿನ ಸಂಜೆಯಾದರೂ ಹಸಿಯಾಗಿಯೇ ಇರುತ್ತದೆ. ಬೆವರಿನ ಕಥೆಯೂ ಇದೇ. ಗಾಳಿಯಲ್ಲಿ ಆಗಲೇ ನೀರಾವಿ ತುಂಬಿದ್ದರೆ ಬೆವರು ಆವಿಯಾಗಲು ಜಾಗವಿರುವುದಿಲ್ಲ.

ಇದನ್ನು ಅಳೆಯುವ ಒಂದು ಸರಳ ವಿಧಾನವಿದೆ. ಥರ್ಮಾಮೀಟರಿನ ಬುಡಕ್ಕೆ ಒದ್ದೆ ಬಟ್ಟೆ ಸುತ್ತಿ, ಅದರ ಮೇಲೆ ಗಾಳಿ ಹಾಯಿಸುತ್ತಾರೆ. ಬಟ್ಟೆಯ ನೀರು ಆವಿಯಾಗುತ್ತ ಥರ್ಮಾಮೀಟರನ್ನು ಎಷ್ಟು ತಣಿಸಬಲ್ಲದೋ ಅಲ್ಲಿಗೆ ಅಂಕಿ ಬಂದು ನಿಲ್ಲುತ್ತದೆ. ಇದೇ ವೆಟ್ ಬಲ್ಬ್ ತಾಪಮಾನ. ಬೆವರಿನಿಂದ ಮೈ ಎಷ್ಟರ ಮಟ್ಟಿಗೆ ತಣಿಯಬಹುದು ಎಂಬುದರ ಗಡಿ ಅದು.

ಮೊದಲು ಹೇಳಿದ ಎರಡು ದಿನಗಳನ್ನೇ ತೆಗೆದುಕೊಳ್ಳಿ. ಗಾಳಿ 42 ಡಿಗ್ರಿ, ತೇವಾಂಶ ಶೇ 15 ಇದ್ದರೆ ವೆಟ್ ಬಲ್ಬ್ ತಾಪಮಾನ ಸುಮಾರು 22 ಡಿಗ್ರಿ. ಗಾಳಿ 36 ಡಿಗ್ರಿ, ತೇವಾಂಶ ಶೇ 75 ಇದ್ದರೆ ಅದು ಸುಮಾರು 32 ಡಿಗ್ರಿ. ಡಿಗ್ರಿ ಕಡಿಮೆ ಇರುವ ದಿನವೇ ದೇಹಕ್ಕೆ ಎಷ್ಟೋ ಕಷ್ಟದ ದಿನ.

ವೆಟ್ ಬಲ್ಬ್ 35 ಡಿಗ್ರಿ ಮುಟ್ಟಿದರೆ, ನೆರಳಲ್ಲಿ ಸುಮ್ಮನೆ ಕೂತ ಆರೋಗ್ಯವಂತರ ದೇಹಕ್ಕೂ ಬಿಸಿಯನ್ನು ಹೊರಹಾಕಲು ಆಗುವುದಿಲ್ಲ ಎಂದು 2010ರಲ್ಲಿ ಸ್ಟೀವನ್ ಶೆರ್ವುಡ್ ಮತ್ತು ಮ್ಯಾಥ್ಯೂ ಹ್ಯೂಬರ್ ಎಂಬ ವಿಜ್ಞಾನಿಗಳು ಲೆಕ್ಕ ಹಾಕಿ ತೋರಿಸಿದರು. ಅದು ಕಾಗದದ ಮೇಲಿನ ಗಡಿ. 2022ರಲ್ಲಿ ಅಮೆರಿಕದ ಪೆನ್ ಸ್ಟೇಟ್ ವಿಶ್ವವಿದ್ಯಾಲಯದವರು ಆರೋಗ್ಯವಂತ ಯುವಜನರನ್ನೇ ಕೋಣೆಯಲ್ಲಿ ಪರೀಕ್ಷೆಗೆ ಒಳಪಡಿಸಿ ನೋಡಿದಾಗ, ತೇವದ ಹವೆಯಲ್ಲಿ ಗಡಿ 31 ಡಿಗ್ರಿಯ ಹತ್ತಿರವೇ ಇದ್ದದ್ದು ಕಂಡುಬಂತು. ಅವರು ಮಾಡುತ್ತಿದ್ದದ್ದು ದಿನನಿತ್ಯದ ಓಡಾಟದಷ್ಟು ಹಗುರವಾದ ಚಟುವಟಿಕೆ ಮಾತ್ರ.

ಹವಾಮಾನದ ಆ್ಯಪ್‌ಗಳಲ್ಲಿ ‘ಅನುಭವಕ್ಕೆ ಬರುವ ತಾಪ’ ಅಂತ ಬೇರೊಂದು ಅಂಕಿ ಇರುತ್ತದಲ್ಲ, ಅದು ಸಾಮಾನ್ಯವಾಗಿ ಬಿಸಿಯನ್ನೂ ತೇವಾಂಶವನ್ನೂ ಕೂಡಿಸಿ ಲೆಕ್ಕ ಹಾಕಿದ್ದು. ಬರೀ ಡಿಗ್ರಿಗಿಂತ ಅದನ್ನು ನೋಡುವುದು ಒಳ್ಳೆಯದು. ಒಂದು ವಿಷಯ ನೆನಪಿರಲಿ: ಹವಾಮಾನ ಇಲಾಖೆಗಳು ತಾಪಮಾನ ಅಳೆಯುವುದು ನೆರಳಿನಲ್ಲಿ, ಗಾಳಿಯಾಡುವ ಪೆಟ್ಟಿಗೆಯೊಳಗೆ. ನೇರ ಬಿಸಿಲಿಗೆ ನಿಂತವರ ಅನುಭವ ಅದಕ್ಕಿಂತ ಹಲವು ಡಿಗ್ರಿ ಹೆಚ್ಚೇ. ಕಾದ ಡಾಂಬರು 60 ಡಿಗ್ರಿ ದಾಟುವುದುಂಟು. ಬರಿಗಾಲು ಸುಡಲು ಅಷ್ಟು ಸಾಕು.

ಫ್ಯಾನು ಯಾವಾಗ ಉಪಯೋಗ, ಯಾವಾಗ ಅಪಾಯ

ಫ್ಯಾನು ಗಾಳಿಯನ್ನು ತಂಪು ಮಾಡುವುದಿಲ್ಲ, ಅಲ್ಲಾಡಿಸುತ್ತದೆ ಅಷ್ಟೆ. ಮೈಗೆ ಅಂಟಿಕೊಂಡ ತೇವದ ಗಾಳಿಯನ್ನು ಸರಿಸಿ ಬೆವರು ಬೇಗ ಆರುವ ಹಾಗೆ ಮಾಡುವುದು ಅದರ ಉಪಕಾರ. ಗಾಳಿ ಚರ್ಮಕ್ಕಿಂತ ಬಿಸಿಯಾಗಿದ್ದರೆ ಅದೇ ಫ್ಯಾನು ಹೆಚ್ಚು ಹೆಚ್ಚು ಬಿಸಿ ಗಾಳಿಯನ್ನು ಮೈಗೆ ತಾಗಿಸುತ್ತದೆ. ಇವೆರಡರಲ್ಲಿ ಯಾವುದು ಗೆಲ್ಲುತ್ತದೆ ಎನ್ನುವುದೇ ಪ್ರಶ್ನೆ.

2019ರಲ್ಲಿ ಸಿಡ್ನಿ ವಿಶ್ವವಿದ್ಯಾಲಯದ ಸಂಶೋಧಕರು ಇದನ್ನು ಪರೀಕ್ಷಿಸಿದ್ದರು. 40 ಡಿಗ್ರಿ, ಶೇ 50 ತೇವಾಂಶದಲ್ಲಿ ಫ್ಯಾನು ದೇಹದ ಹೊರೆಯನ್ನು ಇಳಿಸಿತು. 47 ಡಿಗ್ರಿಯ ತೀರ ಒಣ ಹವೆಯಲ್ಲಿ ಅದೇ ಫ್ಯಾನು ಹೊರೆಯನ್ನು ಏರಿಸಿತು. 40 ಡಿಗ್ರಿ ದಾಟಿದ ಮೇಲೆ ಫ್ಯಾನು ಮೈಯನ್ನು ಕಾಯಿಸುತ್ತದೆ ಎಂದೇ ವಿಶ್ವ ಆರೋಗ್ಯ ಸಂಸ್ಥೆ ಎಚ್ಚರಿಸುತ್ತದೆ. ವಯಸ್ಸಾದವರಿಗೆ ಬೆವರು ಕಡಿಮೆ, ಆರಿಸಲು ಬೆವರೇ ಇಲ್ಲದಿದ್ದರೆ ಫ್ಯಾನಿನ ಉಪಯೋಗವೂ ಕಡಿಮೆ. ಅದಕ್ಕೆ ಪರಿಹಾರ ಸುಲಭವಾಗಿದೆ: ಬೆವರಿನ ಬದಲು ನೀರನ್ನು ಬಳಸುವುದು. ತೋಳು, ಕುತ್ತಿಗೆ, ಮುಖ, ಕಾಲುಗಳಿಗೆ ನೀರು ಸವರಿಕೊಂಡು, ಅಥವಾ ಒದ್ದೆ ಬಟ್ಟೆ ಉಟ್ಟು ಫ್ಯಾನಿನ ಕೆಳಗೆ ಕೂತರೆ, ದೇಹ ತನ್ನ ಒಳಗಿನ ನೀರನ್ನು ಖರ್ಚು ಮಾಡದೆಯೇ ತಣಿಯುತ್ತದೆ. ವಿದ್ಯುತ್ ಹೋದಾಗ ಫ್ಯಾನಿನ ಬದಲು ಬೀಸಣಿಗೆ ಹಿಡಿದರೂ ಇದೇ ಉಪಾಯ ನಡೆಯುತ್ತದೆ.

ಏರ್ ಕೂಲರ್ ಕೂಡ ನೀರನ್ನು ಆವಿ ಮಾಡಿಯೇ ತಂಪು ಕೊಡುವುದು, ಆದ್ದರಿಂದ ಒಣ ಹವೆಯಲ್ಲಿ ಚೆನ್ನಾಗಿ ನಡೆಯುತ್ತದೆ. ಕಿಟಕಿ ಮುಚ್ಚಿ ಕೂಲರ್ ಹಾಕಿದರೆ ಕೋಣೆಯಲ್ಲಿ ತೇವ ತುಂಬಿ ಸೆಕೆ ಇನ್ನೂ ಹೆಚ್ಚುತ್ತದೆ. ಕಿಟಕಿ ತೆರೆದೇ ಇರಬೇಕು. ಎ.ಸಿ.ಗೆ ಮುಚ್ಚಿದ ಕೋಣೆ ಬೇಕು. ಎ.ಸಿ.ಯನ್ನು 27 ಡಿಗ್ರಿಗೆ ಇಟ್ಟು ಜೊತೆಗೆ ಫ್ಯಾನು ಹಾಕಿಕೊಂಡರೆ ಕೋಣೆ 4 ಡಿಗ್ರಿಯಷ್ಟು ಹೆಚ್ಚು ತಂಪಾದಂತೆ ಅನಿಸುತ್ತದೆ, ವಿದ್ಯುತ್ತೂ ಉಳಿಯುತ್ತದೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ.

ನೀರು ಎಷ್ಟು, ಉಪ್ಪು ಯಾವಾಗ

ಬಾಯಾರಿಕೆ ನಂಬಬಹುದಾದ ಸೂಚನೆಯೇ, ಆದರೆ ಸ್ವಲ್ಪ ತಡವಾಗಿ ಬರುತ್ತದೆ. ವಯಸ್ಸಾದಂತೆ ಅದೂ ಮಂಕಾಗುತ್ತದೆ. ಮೂತ್ರದ ಬಣ್ಣ ನೋಡಿಕೊಳ್ಳುವುದು ಒಳ್ಳೆಯ ಅಭ್ಯಾಸ. ತಿಳಿ ಹಳದಿ ಇದ್ದರೆ ಸರಿ. ಗಾಢವಾಗಿದ್ದು, ಪ್ರಮಾಣವೂ ಕಡಿಮೆಯಾಗಿದ್ದರೆ ನೀರು ಸಾಲುತ್ತಿಲ್ಲ ಎಂದರ್ಥ.

ಬಿಸಿಲಲ್ಲಿ ಕೆಲಸ ಮಾಡುವವರು ಹದಿನೈದು ಇಪ್ಪತ್ತು ನಿಮಿಷಕ್ಕೊಮ್ಮೆ ಒಂದು ಲೋಟ, ಅಂದರೆ ಸುಮಾರು 240 ಮಿಲಿಲೀಟರ್ ನೀರು ಕುಡಿಯಬೇಕು. ಗಂಟೆಗಟ್ಟಲೆ ಬಿಟ್ಟು ಒಮ್ಮೆಲೇ ಹೊಟ್ಟೆ ತುಂಬ ಕುಡಿಯುವುದಕ್ಕಿಂತ ಇದು ಎಷ್ಟೋ ಮೇಲು. ಗಂಟೆಗೆ ಒಂದೂವರೆ ಲೀಟರಿನ ಮಿತಿಯನ್ನು ದಾಟಬಾರದು. ಬೆವರಿನಲ್ಲಿ ಉಪ್ಪೂ ಹೋಗುತ್ತದೆ. ಬರೀ ನೀರನ್ನೇ ವಿಪರೀತ ಕುಡಿದರೆ ರಕ್ತದ ಸೋಡಿಯಂ ತೆಳುವಾಗಿ ತಲೆನೋವು, ವಾಂತಿ, ಗೊಂದಲ, ಕೊನೆಗೆ ಫಿಟ್ಸ್ ಕೂಡ ಬರಬಹುದು. ಇದು ಅಪರೂಪ, ಆದರೆ ನಿಜ.

ಹಾಗಂತ ಎಲ್ಲರೂ ಉಪ್ಪಿನ ನೀರು ಕುಡಿಯಬೇಕಾಗಿಲ್ಲ. ಮನೆಯಲ್ಲಿದ್ದು ಮೂರು ಹೊತ್ತು ಊಟ ಮಾಡುವವರಿಗೆ ಊಟದ ಉಪ್ಪೇ ಸಾಕು. ಗಂಟೆಗಟ್ಟಲೆ ಬೆವರು ಸುರಿಸಿದವರಿಗೆ, ವಾಂತಿ ಭೇದಿ ಆದವರಿಗೆ ಓ.ಆರ್.ಎಸ್. ಬೇಕಾಗುತ್ತದೆ. ಪ್ಯಾಕೆಟ್ ಸಿಗದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಮಟ್ಟಸವಾಗಿ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಬೆರೆಸಬೇಕು. ಸಕ್ಕರೆ ರುಚಿಗಾಗಿ ಹಾಕುವುದಲ್ಲ. ಕರುಳಿನಲ್ಲಿ ಸೋಡಿಯಂ ಮತ್ತು ಗ್ಲೂಕೋಸ್ ಜೊತೆಯಾಗಿಯೇ ಒಳಗೆ ಹೋಗುತ್ತವೆ, ನೀರು ಅವುಗಳ ಹಿಂದೆ ಹೋಗುತ್ತದೆ. ಉಪ್ಪು ಹೆಚ್ಚಾದರೆ ಹಾನಿ, ಅಳತೆ ಮೀರಬಾರದು. ಬಿ.ಪಿ., ಹೃದಯ, ಮೂತ್ರಪಿಂಡದ ತೊಂದರೆ ಇರುವವರು ಎಷ್ಟು ನೀರು, ಎಷ್ಟು ಉಪ್ಪು ಎನ್ನುವುದನ್ನು ಬೇಸಿಗೆಗೆ ಮುಂಚೆಯೇ ವೈದ್ಯರಲ್ಲಿ ಕೇಳಿಟ್ಟುಕೊಳ್ಳುವುದು ಕ್ಷೇಮ. ಮದ್ಯ ಈ ದಿನಗಳಲ್ಲಿ ಬೇಡವೇ ಬೇಡ. ಅದು ಮೂತ್ರ ಹೆಚ್ಚಿಸುತ್ತದೆ, ಎಚ್ಚರ ತಪ್ಪಿಸುತ್ತದೆ.

ಸಾವು ಬರುವುದು ಹೆಚ್ಚಾಗಿ ಹೃದಯದ ಕಡೆಯಿಂದ

ಬಿಸಿಗಾಳಿಯ ದಿನಗಳ ಸಾವೆಂದರೆ ಬಿಸಿಲಲ್ಲಿ ಕುಸಿದು ಬಿದ್ದವರ ಚಿತ್ರ ಕಣ್ಣಿಗೆ ಬರುತ್ತದೆ. ವಾಸ್ತವದಲ್ಲಿ ಇಂಥ ಸಾವುಗಳಲ್ಲಿ ಬಹಳಷ್ಟು ಮನೆಯೊಳಗೇ ಆಗುತ್ತವೆ, ಮೊದಲೇ ಇದ್ದ ಹೃದಯ, ಶ್ವಾಸಕೋಶ, ಮೂತ್ರಪಿಂಡದ ಕಾಯಿಲೆ ಉಲ್ಬಣಿಸಿ ಆಗುತ್ತವೆ. ಕಾರಣ ಹೀಗಿದೆ. ಒಳಗಿನ ಬಿಸಿ ಚರ್ಮಕ್ಕೆ ಬರುವುದು ರಕ್ತದ ಮೂಲಕ. ಸೆಕೆ ಹೆಚ್ಚಾದಾಗ ಚರ್ಮದ ರಕ್ತನಾಳಗಳು ಹಿಗ್ಗಿ, ತೀವ್ರ ಬಿಸಿಯಲ್ಲಿ ನಿಮಿಷಕ್ಕೆ 6ರಿಂದ 8 ಲೀಟರಿನಷ್ಟು ರಕ್ತ ಚರ್ಮದ ಕಡೆಗೇ ಹರಿಯಬಹುದು. ಹೃದಯ ವಿಶ್ರಾಂತಿಯಲ್ಲಿ ಇಡೀ ದೇಹಕ್ಕೆ ಪಂಪ್ ಮಾಡುವುದೇ ನಿಮಿಷಕ್ಕೆ ಸುಮಾರು 5 ಲೀಟರ್. ಬೆವರಿನಿಂದ ರಕ್ತದ ನೀರಿನಂಶ ಬೇರೆ ಇಳಿಯುತ್ತಿರುತ್ತದೆ. ದುರ್ಬಲ ಹೃದಯಕ್ಕೆ ಇದು ದಿನವಿಡೀ ಓಡಿದಷ್ಟೇ ಕಷ್ಟ.

ಹೀಗಾಗಿ 65 ದಾಟಿದವರು, ಹೃದ್ರೋಗ, ಸಕ್ಕರೆ ಕಾಯಿಲೆ ಇರುವವರು, ಗರ್ಭಿಣಿಯರು, ಎಳೆಯ ಮಕ್ಕಳು ಮೊದಲು ತೊಂದರೆಗೆ ಸಿಗುತ್ತಾರೆ. ಕೆಲವು ಔಷಧಿಗಳೂ ಪಾತ್ರ ವಹಿಸುತ್ತವೆ: ಮೂತ್ರ ಹೆಚ್ಚಿಸುವ ಮಾತ್ರೆಗಳು ನೀರನ್ನು ಕಳೆಯುತ್ತವೆ, ಕೆಲವು ಬಿ.ಪಿ. ಮಾತ್ರೆಗಳು ಹೃದಯದ ಬಡಿತ ಏರದಂತೆ ತಡೆಯುತ್ತವೆ, ಮಾನಸಿಕ ಕಾಯಿಲೆಯ ಹಾಗೂ ಅಲರ್ಜಿಯ ಕೆಲವು ಔಷಧಿಗಳು ಬೆವರನ್ನೇ ಕಡಿಮೆ ಮಾಡುತ್ತವೆ. ಇದನ್ನು ಓದಿ ಯಾರೂ ಮಾತ್ರೆ ನಿಲ್ಲಿಸಬಾರದು; ಪ್ರಮಾಣ ಬದಲಿಸಬೇಕೇ ಎಂದು ವೈದ್ಯರೇ ಹೇಳಬೇಕು. ಇನ್ಸುಲಿನ್ ಬಿಸಿಗೆ ಕೆಡುತ್ತದೆ, ಅದನ್ನು ತಂಪಾಗಿಡಿ.

ಆರು ತಿಂಗಳೊಳಗಿನ ಕೂಸಿಗೆ ಬೇರೆ ನೀರು ಬೇಡ, ಎದೆಹಾಲನ್ನು ಹೆಚ್ಚು ಬಾರಿ ಕೊಡಬೇಕು. ಕೂಸಿನ ಗಾಡಿಗೆ ನೆರಳಾಗಲೆಂದು ಬಟ್ಟೆ ಹೊದಿಸಿದರೆ ಒಳಗೆ ಗಾಳಿ ನಿಂತು ಇನ್ನೂ ಕಾಯುತ್ತದೆ. ನಿಲ್ಲಿಸಿದ ಕಾರಿನಲ್ಲಿ ಮಗುವನ್ನು ಒಂದು ನಿಮಿಷಕ್ಕೂ ಬಿಡಬಾರದು. ಹತ್ತೇ ನಿಮಿಷದಲ್ಲಿ ಒಳಗಿನ ತಾಪ ಸುಮಾರು 10 ಡಿಗ್ರಿ ಏರಬಲ್ಲದು, ಗಾಜನ್ನು ಬೆರಳಗಲ ಇಳಿಸಿದರೂ ಹೆಚ್ಚು ವ್ಯತ್ಯಾಸವಾಗುವುದಿಲ್ಲ.

ಬಿಸಿಲಿನ ಸುಸ್ತೋ, ಹೀಟ್ ಸ್ಟ್ರೋಕೋ?

ಈ ಲೇಖನದಲ್ಲಿ ಒಂದೇ ಭಾಗ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಧಾರಾಳ ಬೆವರು, ತಲೆನೋವು, ತಲೆಸುತ್ತು, ವಾಕರಿಕೆ, ಸ್ನಾಯುಗಳ ಸೆಳೆತ, ತೀರಾ ಸುಸ್ತು ಇವೆಲ್ಲ ಬಿಸಿಲಿನ ಬಳಲಿಕೆಯ ಗುರುತು. ದೇಹ ಇನ್ನೂ ಹೋರಾಡುತ್ತಿದೆ. ಅಂಥವರನ್ನು ತಂಪಾದ ಜಾಗಕ್ಕೆ ಕರೆತಂದು ಮಲಗಿಸಿ, ಕಾಲುಗಳನ್ನು ಸ್ವಲ್ಪ ಎತ್ತರಿಸಿ, ಬಟ್ಟೆ ಸಡಿಲಿಸಿ, ಮೈಗೆ ನೀರು ಹಾಕಿ ಗಾಳಿ ಬೀಸಿ, ಗುಟುಕು ಗುಟುಕಾಗಿ ನೀರು ಅಥವಾ ಓ.ಆರ್.ಎಸ್. ಕುಡಿಸಬೇಕು. ಅರ್ಧ ಗಂಟೆಯೊಳಗೆ ಚೇತರಿಸಿಕೊಳ್ಳದಿದ್ದರೆ ವೈದ್ಯಕೀಯ ನೆರವು ಬೇಕೇ ಬೇಕು.

ಹೀಟ್ ಸ್ಟ್ರೋಕ್‌ನಲ್ಲಿ ಒಳಗಿನ ತಾಪಮಾನ 40 ಡಿಗ್ರಿ ದಾಟಿ ಮಿದುಳಿಗೆ ಪೆಟ್ಟು ಬೀಳುತ್ತದೆ. ಗುರುತಿಸಲು ಥರ್ಮಾಮೀಟರಿಗಾಗಿ ಕಾಯಬೇಡಿ. ಹಣೆ, ಕಂಕುಳಲ್ಲಿ ಇಟ್ಟು ನೋಡಿದ ಅಂಕಿ ಇಲ್ಲಿ ಮೋಸ ಮಾಡಬಹುದು. ಮಾತು ತೊದಲುವುದು, ಅಸಂಬದ್ಧವಾಗಿ ಮಾತಾಡುವುದು, ಸಿಟ್ಟಿಗೇಳುವುದು, ತೂರಾಡುವುದು, ಫಿಟ್ಸ್, ಪ್ರಜ್ಞೆ ತಪ್ಪುವುದು, ಇವುಗಳಲ್ಲಿ ಯಾವುದೇ ಕಂಡರೂ ಹೀಟ್ ಸ್ಟ್ರೋಕ್ ಎಂದೇ ತಿಳಿಯಬೇಕು. ಮೈ ಒಣಗಿರುತ್ತದೆ, ಬೆವರು ನಿಂತಿರುತ್ತದೆ ಎಂದು ಅನೇಕರು ನಂಬಿದ್ದಾರೆ. ದುಡಿಯುತ್ತ ಅಥವಾ ಆಡುತ್ತ ಕುಸಿದವರಲ್ಲಿ ಬೆವರು ಸುರಿಯುತ್ತಲೇ ಇರಬಹುದು. ಬೆವರಿದೆ ಎಂದು ಧೈರ್ಯ ತಂದುಕೊಳ್ಳುವ ಹಾಗಿಲ್ಲ.

ಆಂಬುಲೆನ್ಸ್‌ಗೆ ಕರೆ ಮಾಡಿ, ಅದು ಬರುವವರೆಗೆ ಕಾಯದೆ ಆ ಕ್ಷಣವೇ ತಣಿಸಲು ಶುರು ಮಾಡಬೇಕು. ತಾಪಮಾನ ಎಷ್ಟು ಏರಿತು ಎನ್ನುವಷ್ಟೇ ಮುಖ್ಯ ಅದು ಎಷ್ಟು ಹೊತ್ತು ಏರಿಯೇ ಇತ್ತು ಎನ್ನುವುದು; ಮೊದಲ ಅರ್ಧ ಗಂಟೆಯಲ್ಲಿ ತಣಿಸಿದರೆ ಬದುಕುವ ಸಾಧ್ಯತೆ ತುಂಬ ಹೆಚ್ಚು. ನೆರಳಿಗೆ ತಂದು, ಹೆಚ್ಚಿನ ಬಟ್ಟೆ ತೆಗೆದು, ಇಡೀ ಮೈಗೆ ನೀರು ಸುರಿಯುತ್ತ ಜೋರಾಗಿ ಗಾಳಿ ಹಾಕಿ. ನಲ್ಲಿ ನೀರೇ ಸಾಕು. ಐಸ್ ಇದ್ದರೆ ಬಟ್ಟೆಯಲ್ಲಿ ಸುತ್ತಿ ಕುತ್ತಿಗೆ, ಕಂಕುಳು, ತೊಡೆಸಂದುಗಳಿಗೆ ಇಡಿ. ಕ್ರೀಡಾಪಟುಗಳು, ಸೈನಿಕರಂಥ ಆರೋಗ್ಯವಂತ ಯುವಜನರು ಶ್ರಮದಿಂದ ಕುಸಿದಾಗ, ತಲೆ ನೀರಿನ ಮೇಲೆ ಇರುವಂತೆ ಹಿಡಿದುಕೊಂಡು ತಣ್ಣೀರಿನ ತೊಟ್ಟಿಯಲ್ಲಿ ಕುತ್ತಿಗೆಯವರೆಗೆ ಮುಳುಗಿಸುವುದು ಅತಿ ವೇಗದ ವಿಧಾನ.

ಪೂರ್ತಿ ಎಚ್ಚರವಿಲ್ಲದವರ ಬಾಯಿಗೆ ಒಂದು ಗುಟುಕು ನೀರನ್ನೂ ಹಾಕಬಾರದು, ಅದು ಶ್ವಾಸಕೋಶಕ್ಕೆ ಇಳಿಯಬಹುದು. ಉಸಿರಾಡುತ್ತಿದ್ದರೆ ಪಕ್ಕಕ್ಕೆ ತಿರುಗಿಸಿ ಮಲಗಿಸಿ. ಪ್ಯಾರಾಸಿಟಮಾಲ್ ಕೊಡಬೇಡಿ. ಸೋಂಕಿನ ಜ್ವರದಲ್ಲಿ ಮಿದುಳೇ ತಾಪಮಾನವನ್ನು ಏರಿಸಿ ಇಟ್ಟಿರುತ್ತದೆ, ಮಾತ್ರೆ ಅದನ್ನು ಇಳಿಸುತ್ತದೆ. ಹೀಟ್ ಸ್ಟ್ರೋಕ್‌ನಲ್ಲಿ ಮಿದುಳು ಹಾಗೆ ಏರಿಸಿಲ್ಲ, ಬಿಸಿ ಹೊರಗೆ ಹೋಗಲಾಗದೆ ತುಂಬಿಕೊಂಡಿದೆ. ಮಾತ್ರೆಗೆ ಅಲ್ಲಿ ಮಾಡಲು ಕೆಲಸವೇ ಇಲ್ಲ.

ರಾತ್ರಿಯೂ ತಣಿಯದ ಮನೆ

ಹಗಲಿನ ಬಿಸಿಯಿಂದ ದೇಹ ಚೇತರಿಸಿಕೊಳ್ಳುವುದು ರಾತ್ರಿ. ರಾತ್ರಿಯೂ ಸೆಕೆ ಇಳಿಯದಿದ್ದರೆ ಮರುದಿನ ಶುರುವಾಗುವುದೇ ಸುಸ್ತಿನಿಂದ. ಬಿಸಿಗಾಳಿಯ ಮೊದಲ ದಿನಕ್ಕಿಂತ ಮೂರನೆಯ, ನಾಲ್ಕನೆಯ ದಿನ ಹೆಚ್ಚು ಅಪಾಯಕಾರಿ ಆಗುವುದು ಇದರಿಂದ. ಕಾಂಕ್ರೀಟ್ ಛಾವಣಿ ಹಗಲೆಲ್ಲ ಶಾಖ ಹೀರಿಕೊಂಡು ಹಲವು ಗಂಟೆಗಳ ಮೇಲೆ ಒಳಕ್ಕೆ ಬಿಡುತ್ತದೆ, ಆದ್ದರಿಂದ ಮೇಲಿನ ಮಹಡಿಯವರಿಗೆ ರಾತ್ರಿ ಹತ್ತರ ಹೊತ್ತಿಗೂ ತಲೆಯ ಮೇಲೆ ಬಿಸಿಲಿದ್ದ ಹಾಗೆ ಅನಿಸುತ್ತದೆ. ತಾರಸಿಗೆ ಬಿಳಿ ಸುಣ್ಣವನ್ನೋ ಬಿಸಿಲು ಪ್ರತಿಫಲಿಸುವ ಬಿಳಿ ಬಣ್ಣವನ್ನೋ ಬಳಿದರೆ ಶಾಖ ಮೊದಲೇ ವಾಪಸಾಗುತ್ತದೆ. ಸಾಧ್ಯವಾದರೆ ಕೆಳಗಿನ ಮಹಡಿಯಲ್ಲಿ ಮಲಗಿ.

ಕಿಟಕಿಗೆ ಒಳಗಿನ ಪರದೆಗಿಂತ ಹೊರಗಿನ ನೆರಳು ಮೇಲು. ಬಿಸಿಲು ಗಾಜು ದಾಟಿ ಒಳಗೆ ಬಂದಮೇಲೆ ಪರದೆಯನ್ನೇ ಕಾಯಿಸುತ್ತದೆ, ಆ ಶಾಖ ಸುಲಭಕ್ಕೆ ಹೊರಹೋಗುವುದಿಲ್ಲ. ಕಿಟಕಿ ತೆರೆಯುವ ವಿಷಯದಲ್ಲಿ ಗಡಿಯಾರಕ್ಕಿಂತ ತಾಪಮಾನ ನೋಡಿ: ಹೊರಗಿನ ಗಾಳಿ ಒಳಗಿಗಿಂತ ಬಿಸಿಯಾಗಿರುವಷ್ಟು ಹೊತ್ತು ಮುಚ್ಚಿ, ತಣ್ಣಗಾದ ಕೂಡಲೇ ಎದುರುಬದುರು ಕಿಟಕಿಗಳನ್ನು ತೆರೆಯಿರಿ. ಮಲಗುವ ಮುಂಚೆ ಸ್ನಾನ, ಒದ್ದೆ ಮಾಡಿ ಹಿಂಡಿದ ಹೊದಿಕೆ ನಿದ್ದೆಗೆ ನೆರವಾಗುತ್ತವೆ.

ಹೊರಗೆ ದುಡಿಯುವವರಿಗೆ

ದೇಹ ಸೆಕೆಗೆ ಒಗ್ಗಿಕೊಳ್ಳುತ್ತದೆ, ಆದರೆ ಒಂದೆರಡು ವಾರ ಬೇಕು. ಅಷ್ಟರಲ್ಲಿ ರಕ್ತದ ನೀರಿನಂಶ ಹೆಚ್ಚುತ್ತದೆ, ಬೆವರು ಬೇಗ ಶುರುವಾಗುತ್ತದೆ, ಬೆವರಿನಲ್ಲಿ ಹೋಗುವ ಉಪ್ಪು ಕಡಿಮೆಯಾಗುತ್ತದೆ. ಕೆಲಸಕ್ಕೆ ಹೊಸದಾಗಿ ಸೇರಿದವರು, ರಜೆ ಮುಗಿಸಿ ಬಂದವರು ಮೊದಲ ಕೆಲವು ದಿನಗಳಲ್ಲೇ ಕುಸಿಯುವುದು ಇದೇ ಕಾರಣಕ್ಕೆ. ಹೊಸಬರಿಗೆ ಮೊದಲ ದಿನ ಬಿಸಿಲಿನ ಕೆಲಸದ ಐದನೇ ಒಂದು ಪಾಲು ಮಾತ್ರ ಕೊಟ್ಟು, ದಿನಕ್ಕೆ ಅಷ್ಟಷ್ಟೇ ಹೆಚ್ಚಿಸಬೇಕು ಎಂಬುದು ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಸ್ಥೆಗಳು ಹೇಳುವ ಕ್ರಮ. ಇದು ದುಡಿಯುವವರು ಒಬ್ಬರೇ ಪಾಲಿಸಬಹುದಾದ ನಿಯಮವಲ್ಲ, ಕೆಲಸ ಮಾಡಿಸುವವರು ಪಾಲಿಸಬೇಕಾದದ್ದು. ಕೆಲಸದ ವೇಳೆಯನ್ನು ಬೆಳಗಿನ ಜಾವಕ್ಕೆ ತರುವುದು, ನೆರಳಿನ ವಿಶ್ರಾಂತಿ ಕಡ್ಡಾಯ ಮಾಡುವುದು, ಒಬ್ಬರ ಮೇಲೊಬ್ಬರು ಕಣ್ಣಿಡುವಂತೆ ಜೋಡಿಯಾಗಿ ಕೆಲಸ ಹಚ್ಚುವುದು ಅವರ ಕೈಯಲ್ಲಿದೆ. ಹೀಟ್ ಸ್ಟ್ರೋಕ್ ಬಂದವರಿಗೆ ತಮಗೆ ಬಂದಿದೆಯೆಂದು ತಿಳಿಯುವುದೇ ಇಲ್ಲ, ಪಕ್ಕದಲ್ಲಿದ್ದವರಿಗೇ ಮೊದಲು ಗೊತ್ತಾಗುವುದು. ಬಟ್ಟೆ ಸಡಿಲವಾಗಿ, ತಿಳಿ ಬಣ್ಣದ್ದಾಗಿ, ಮೈ ಮುಚ್ಚುವಂತಿರಲಿ. ತಲೆಗೆ ಟೊಪ್ಪಿಗೆ ಇರಲಿ.

ಒಂಟಿಯಾಗಿರುವವರನ್ನು ವಿಚಾರಿಸುವುದು

1995ರ ಜುಲೈಯಲ್ಲಿ ಷಿಕಾಗೋ ನಗರದಲ್ಲಿ ಬಿಸಿಗಾಳಿಗೆ 700ಕ್ಕೂ ಹೆಚ್ಚು ಜನ ಸತ್ತರು. 2003ರ ಬೇಸಿಗೆಯಲ್ಲಿ ಫ್ರಾನ್ಸ್ ಒಂದರಲ್ಲೇ ಸುಮಾರು 15,000 ಹೆಚ್ಚುವರಿ ಸಾವುಗಳಾದವು. ಎರಡೂ ಕಡೆ ಸತ್ತವರಲ್ಲಿ ಬಹಳ ಜನ ವಯಸ್ಸಾದವರು, ಎಷ್ಟೋ ಮಂದಿ ಒಂಟಿಯಾಗಿದ್ದವರು. ಫೋನಿನಲ್ಲಿ ‘ಹೇಗಿದ್ದೀರಿ’ ಎಂದರೆ ‘ಚೆನ್ನಾಗಿದ್ದೇನೆ’ ಎಂಬ ಉತ್ತರವೇ ಬರುತ್ತದೆ. ಬೆಳಗಿನಿಂದ ಎಷ್ಟು ಲೋಟ ನೀರು ಕುಡಿದಿರಿ, ರಾತ್ರಿ ನಿದ್ದೆ ಬಂತಾ, ಈಗ ಯಾವ ಕೋಣೆಯಲ್ಲಿ ಕೂತಿದ್ದೀರಿ, ಕಿಟಕಿ ತೆರೆದಿದೆಯಾ ಅಂತ ಒಂದೊಂದಾಗಿ ಕೇಳಿ. ಉತ್ತರ ತಡವರಿಸಿದರೆ, ಹೇಳಿದ್ದನ್ನೇ ಹೇಳುತ್ತಿದ್ದರೆ, ಯಾರಾದರೊಬ್ಬರು ಆಗಲೇ ಅವರ ಮನೆಗೆ ಹೋಗಿ ನೋಡಬೇಕು. ದಿನಕ್ಕೆ ಎರಡು ಸಲ ವಿಚಾರಿಸಿ, ಅದರಲ್ಲಿ ಒಂದು ಸಲ ಸಂಜೆ ಇರಲಿ. ಹೊರಗೆ ಬಿಸಿಲು ಇಳಿದ ಮೇಲೂ ಮುಚ್ಚಿದ ಮನೆಯೊಳಗಿನ ಬಿಸಿ ಏರುತ್ತಿರಬಹುದು.